27 ಸಾವಿರ ‘ಸ್ವಿಂಗ್ ಮತದಾರ’ರ ಪಟ್ಟಿ 18 ಲಕ್ಷಕ್ಕೆ: ಕೊಳ್ಳಬೇಕೇ?

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ವಿಧಾನಸಭಾ ಕ್ಷೇತ್ರದಲ್ಲಿ ನಮ್ಮ ಚಿಕ್ಕಪ್ಪ ಮುಂದಿನ ಸಲ ನಿಲ್ಲುವ ತಯಾರಿಯಲ್ಲಿದ್ದಾರೆ. ಸುಮಾರು 2.2 ಲಕ್ಷ ಮತದಾರರು, 250ರಷ್ಟು ಬೂತ್. ಕಳೆದ ಸಲ ಅವರ ಪಕ್ಷ 6,800 ಮತಗಳಿಂದ ಸೋತಿತ್ತು. ಈಗ ಒಂದು ಸಂಸ್ಥೆಯವರು ಬಂದು, ‘ಪ್ರತಿ ಮತದಾರನಿಗೂ 0ರಿಂದ 100ರವರೆಗೆ ಸ್ಕೋರ್ ಕೊಟ್ಟಿದ್ದೇವೆ, ಮನಸ್ಸು ಬದಲಾಯಿಸಬಹುದಾದ 27,000 ಜನರ ಪಟ್ಟಿ ಇದೆ, ನಿಖರತೆ ಶೇ 92, ಬೆಲೆ 18 ಲಕ್ಷ’ ಎನ್ನುತ್ತಿದ್ದಾರೆ. ‘ಅಮೆರಿಕದಲ್ಲಿ ಫೇಸ್‌ಬುಕ್ ಡೇಟಾದಿಂದಲೇ ಚುನಾವಣೆ ಗೆದ್ದರು, ನೀವು ಕೊಳ್ಳದಿದ್ದರೆ ಎದುರಾಳಿ ಕೊಳ್ಳುತ್ತಾನೆ, ಜಯನಗರದಲ್ಲಿ 16 ಮತದಿಂದ ಸೋತದ್ದು ನೆನಪಿಲ್ಲವೇ’ ಎಂದೂ ಹೇಳಿದರು. ಅವರು ತೋರಿಸಿದ ಎಕ್ಸೆಲ್ ಶೀಟಿನಲ್ಲಿ ನನ್ನ ತಾಯಿಯ ಹೆಸರೂ ಇತ್ತು: ಜಾತಿ ತಪ್ಪು, ಮೊಬೈಲ್ ನಂಬರ್ ಸರಿ, ಸ್ಕೋರ್ 51. ಇದನ್ನು ನಂಬಬಹುದೇ? ಕಾನೂನಿನ ತೊಡಕಿದೆಯೇ? ಬೇಡವೆಂದರೆ ಬೇರೆ ಏನು ಮಾಡಬೇಕು?

ಉತ್ತರ: ನಿಮ್ಮ ಆತಂಕಕ್ಕೆ ಎರಡು ಮುಖ. ಸರಕು ಸುಳ್ಳಾದರೆ 18 ಲಕ್ಷ ನೀರಿನಲ್ಲಿ ಹೋಮ. ಸರಕು ನಿಜವೇ ಆಗಿದ್ದು ಎದುರಾಳಿಯ ಕೈಗೆ ಸಿಕ್ಕರೆ ಗತಿ ಏನು ಎಂಬ ಭಯ. ಮಾರುವವರು ಆಡುವುದೆಲ್ಲ ಈ ಎರಡನೆಯ ಭಯದ ಮೇಲೆಯೇ. ಆದ್ದರಿಂದ ನಿಮ್ಮ ತಾಯಿಯ ಹೆಸರಿನ ಮುಂದಿರುವ ಆ 51ರಿಂದಲೇ ಶುರು ಮಾಡೋಣ.

ಬೆಂಬಲದ ಸ್ಕೋರ್ 51 ಎಂದು ಬರಲು ಎರಡು ದಾರಿ. ಒಂದು, ಆಕೆ ನಿಜಕ್ಕೂ ಎರಡು ಪಕ್ಷಗಳ ನಡುವೆ ತೂಗಾಡುತ್ತಿರಬೇಕು. ಇಲ್ಲವೇ ಮಾಡೆಲ್‌ಗೆ, ಅಂದರೆ ಸ್ಕೋರ್ ಲೆಕ್ಕ ಹಾಕುವ ಕಂಪ್ಯೂಟರ್ ಸೂತ್ರಕ್ಕೆ, ಆಕೆಯ ಬಗ್ಗೆ ಏನೂ ಗೊತ್ತಿಲ್ಲದೆ, ಆಕೆಯ ಬೂತಿನ ಸರಾಸರಿಯನ್ನೇ ತಂದು ಹೆಸರಿನ ಮುಂದೆ ಕೂರಿಸಿರಬೇಕು. ನಮ್ಮಲ್ಲಿ ನಡೆಯುವುದು ಬಹುಪಾಲು ಎರಡನೆಯದು. ಐವತ್ತರ ಆಸುಪಾಸಿನ ಅಂಕಿ ಎಂದರೆ ‘ಗೊತ್ತಿಲ್ಲ’ ಎಂಬ ಮಾತಿಗೆ ಅಂಕಿಯ ವೇಷ ತೊಡಿಸಿದ್ದು. 40ರಿಂದ 60ರ ನಡುವೆ ಬಿದ್ದವರನ್ನೆಲ್ಲ ಸೋಸಿ ‘ಸ್ವಿಂಗ್ ಮತದಾರರು’ ಎಂದು ಮಾರುವುದು ಈ ವ್ಯಾಪಾರದ ಹಳೆಯ ಪದ್ಧತಿ. ಆ 27,000 ಹೆಸರುಗಳು ಹೀಗೆ ಬಂದವೋ, ಬೇರೆ ಲೆಕ್ಕದಿಂದ ಬಂದವೋ ಎಂಬುದನ್ನು ಮೊದಲು ಕೇಳಿ. ಮೊದಲನೆಯದಾದರೆ ಅದು ತೂಗಾಡುವವರ ಪಟ್ಟಿಯಲ್ಲ, ಸಂಸ್ಥೆಗೆ ಏನೂ ತಿಳಿಯದವರ ಪಟ್ಟಿ.

ಅಮೆರಿಕದ ಹೋಲಿಕೆ ಇಲ್ಲೇ ಕೈಕೊಡುತ್ತದೆ. ಅಲ್ಲಿ ಯಾರು ಯಾರಿಗೆ ಮತ ಹಾಕಿದರು ಎಂಬುದು ಗುಟ್ಟು, ಆದರೆ ಯಾರು ಯಾವ ಚುನಾವಣೆಯಲ್ಲಿ ಮತಗಟ್ಟೆಗೆ ಬಂದರು ಎಂಬುದು ಸಾರ್ವಜನಿಕ ದಾಖಲೆ. ಸುಮಾರು 30 ರಾಜ್ಯಗಳಲ್ಲಿ ಮತದಾರರು ನೋಂದಣಿಯ ವೇಳೆ ಪಕ್ಷವನ್ನೂ ಬರೆಸಬಹುದು. 2002ರ ಕಾನೂನಿನ ನಂತರ ಪ್ರತಿ ರಾಜ್ಯವೂ ಒಂದೇ ಕಂಪ್ಯೂಟರ್ ಪಟ್ಟಿ ಇಡಬೇಕಾಯಿತು. ಹಾಗಾಗಿ ‘ಈಕೆ ಮತಗಟ್ಟೆಗೆ ಬರುವ ಸಾಧ್ಯತೆ 80’ ಎಂದು ಮಾಡೆಲ್ ಹೇಳಿದರೆ, ಚುನಾವಣೆ ಮುಗಿದ ಮೇಲೆ ಅದು ಸರಿಯೋ ತಪ್ಪೋ ಎಂದು ತಾಳೆ ನೋಡಬಹುದು.

ನಮ್ಮ ಮತದಾರರ ಪಟ್ಟಿಯಲ್ಲಿ ಇರುವುದೇನು? ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು, ಲಿಂಗ, ಗುರುತಿನ ಚೀಟಿಯ ಸಂಖ್ಯೆ. ಫೋನ್ ಇಲ್ಲ, ಜಾತಿ ಇಲ್ಲ, ಪಕ್ಷದ ಮಾತೇ ಇಲ್ಲ. ಮತಗಟ್ಟೆ ಅಧಿಕಾರಿ ಗೆರೆ ಎಳೆಯುವ ಪ್ರತಿ, ಅಂದರೆ ಯಾರು ಬಂದರು ಎಂಬ ದಾಖಲೆ, 1961ರ ಚುನಾವಣಾ ನಿಯಮಗಳ ಪ್ರಕಾರ ಮುದ್ರೆ ಬಿದ್ದ ಪೊಟ್ಟಣ ಸೇರುತ್ತದೆ; ಕೋರ್ಟಿನ ಆದೇಶವಿಲ್ಲದೆ ಅದನ್ನು ತೆರೆಯುವಂತಿಲ್ಲ. ಬೂತ್ ಏಜೆಂಟರು ತಮ್ಮ ಪ್ರತಿಯಲ್ಲಿ ಹಾಕಿಕೊಂಡ ಟಿಕ್ ಗುರುತುಗಳಷ್ಟೇ ಪಕ್ಷಗಳ ಬಳಿ ಉಳಿಯುವುದು, ಅದೂ ಹರಿದು ಹಂಚಿಹೋಗಿ. ಪಟ್ಟಿ ಸಿಗುವುದು ಚಿತ್ರರೂಪದ ಪಿಡಿಎಫ್ ಆಗಿ. ಹುಡುಕಲು ಬರುವ ಪಠ್ಯರೂಪದಲ್ಲಿ ಕೊಡಿಸಿ ಎಂಬ ಮನವಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ತಳ್ಳಿಹಾಕಿತು. ಆದ್ದರಿಂದ ಸಂಸ್ಥೆಗಳು ಚಿತ್ರದಿಂದ ಅಕ್ಷರ ಎತ್ತುವ ಸಾಫ್ಟ್‌ವೇರ್ ಓಡಿಸುತ್ತವೆ, ಕನ್ನಡದ ಒತ್ತಕ್ಷರಗಳ ಬಳಿ ಅದು ಎಡವುತ್ತದೆ. ಲಕ್ಷ್ಮಮ್ಮ ಏನೇನೋ ಆಗುತ್ತಾಳೆ.

ಜಾತಿಯ ಕಾಲಂ ಹುಟ್ಟುವುದು ಈ ಹೆಸರುಗಳಿಂದಲೇ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಾದರೂ ಇರುತ್ತದೆ, ಆದರೆ ಪಾಟೀಲ ಎಂದರೆ ಲಿಂಗಾಯತರೂ ಆಗಬಹುದು, ಮರಾಠರೂ ಜೈನರೂ ಮುಸ್ಲಿಮರೂ ಆಗಬಹುದು. ದೇಸಾಯಿ, ಇನಾಂದಾರರ ಕಥೆಯೂ ಅಷ್ಟೇ. ನಿಮ್ಮ ತುಮಕೂರು ಸೀಮೆಯಲ್ಲಿ ಅದೂ ಇಲ್ಲ. ‘ಲಕ್ಷ್ಮಮ್ಮ ಕೋಂ ರಂಗಪ್ಪ’ ಎಂಬಷ್ಟರಿಂದ ಜಾತಿ ಹೇಳಲು ಯಾವ ಮಾಡೆಲ್‌ಗೂ ಸಾಧ್ಯವಿಲ್ಲ. ಆಗ ಅದು ಆ ಬೀದಿಯಲ್ಲಿ ಹೆಚ್ಚಿರುವ ಜಾತಿಯನ್ನೇ ಎಲ್ಲರಿಗೂ ಹಚ್ಚುತ್ತದೆ. ನಿಮ್ಮ ತಾಯಿಯ ಸಾಲಿನಲ್ಲಿ ಆದದ್ದು ಇದೇ ಇರಬೇಕು.

ಹಾಗಾದರೆ ನಿಜವಾದ ಡೇಟಾ ಯಾವುದು? ಫಾರಂ 20. ಪ್ರತಿ ಬೂತಿನಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತದ ಅಧಿಕೃತ ಲೆಕ್ಕ, ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಪುಕ್ಕಟೆ. ಬೆಲೆಬಾಳುವ ಮಾಹಿತಿಯೇ, ಆದರೆ ಅದು ಬೂತಿನದು, ವ್ಯಕ್ತಿಯದಲ್ಲ. ಬೂತಿನಿಂದ ವ್ಯಕ್ತಿಗೆ ಇಳಿಯುವಾಗ ಏನಾಗುತ್ತದೆ ನೋಡಿ. ಒಂದು ಬೂತಿನಲ್ಲಿ 1,000 ಮತ ಬಿದ್ದಿವೆ; ಅದರಲ್ಲಿ 600 ಒಂದು ಸಮುದಾಯದವರದು, 400 ಇನ್ನೊಂದರದು. ನಿಮ್ಮ ಪಕ್ಷಕ್ಕೆ 600 ಬಂದಿದೆ. ಮೊದಲ ಸಮುದಾಯ ಪೂರ್ತಿ ನಮ್ಮದು ಎಂದು ಕಾರ್ಯಕರ್ತರು ಬೀಗುತ್ತಾರೆ. ಎರಡನೆಯ ಸಮುದಾಯದ 400 ಮತವೂ ನಿಮಗೇ ಬಿದ್ದು, ಮೊದಲನೆಯದರಿಂದ ಬಂದದ್ದು ಬರೀ 200 ಆಗಿದ್ದರೂ ಮೊತ್ತ 600 ತಾನೇ? ಅಂದರೆ ಮೊದಲ ಸಮುದಾಯದಲ್ಲಿ ನಿಮಗಿರುವ ಬೆಂಬಲ ಶೇ 33ರಿಂದ 100ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಫಾರಂ 20 ಅದನ್ನು ಬಿಡಿಸಿ ಹೇಳುವುದಿಲ್ಲ. ಶೀಟಿನಲ್ಲಿರುವ ಸ್ಕೋರ್‌ಗಳ ಬಹುಭಾಗ ಈ ಖಾಲಿ ಜಾಗದ ಮೇಲೆ ಕಟ್ಟಿದ ಮನೆ.

ಇನ್ನು ಶೇ 92. ಯಾವುದಕ್ಕೆ ಹೋಲಿಸಿ 92 ಎಂದು ಕೇಳಿ. ಮತ ಗುಪ್ತವಾಗಿರುವಾಗ ವ್ಯಕ್ತಿಯ ಮಟ್ಟದಲ್ಲಿ ತಾಳೆ ನೋಡಲು ಸರಿಯುತ್ತರದ ಹಾಳೆಯೇ ಇಲ್ಲ. ಬಹಳವೆಂದರೆ ತಮ್ಮದೇ ಸರ್ವೆಯಲ್ಲಿ ಜನ ಹೇಳಿದ್ದಕ್ಕೆ ಹೋಲಿಸಿರುತ್ತಾರೆ, ಅದೂ ಎಷ್ಟೋ ಸಲ ಮಾಡೆಲ್ ಕಲಿತ ಅದೇ ಸರ್ವೆಗೆ. ಉತ್ತರ ತೋರಿಸಿ ಪರೀಕ್ಷೆ ಬರೆಸಿದಂತೆ ಅದು. ಇನ್ನೂ ಒಂದು ಕೈಚಳಕ ಇದೆ. ಒಂದು ಬೂತಿನಲ್ಲಿ ಶೇ 85 ಮತ ಒಂದೇ ಪಕ್ಷಕ್ಕೆ ಬೀಳುತ್ತಿದ್ದರೆ, ಅಲ್ಲಿ ಎಲ್ಲರನ್ನೂ ಅದೇ ಪಕ್ಷದವರು ಎಂದು ಬರೆದುಬಿಟ್ಟರೂ ನಿಖರತೆ 85 ಬರುತ್ತದೆ. ಅದಕ್ಕೆ ಮಾಡೆಲ್ ಬೇಕಿಲ್ಲ, ಊರಿನ ಟೀ ಅಂಗಡಿ ಸಾಕು.

ಫೇಸ್‌ಬುಕ್ ಕಥೆಯನ್ನೂ ಬಿಡಿಸಿ ನೋಡೋಣ. 2016ರಲ್ಲಿ ಟ್ರಂಪ್ ಪ್ರಚಾರಕ್ಕೆ ದುಡಿದ ಬ್ರಿಟನ್ನಿನ ಡೇಟಾ ಕಂಪನಿ ಕೇಂಬ್ರಿಡ್ಜ್ ಅನಲಿಟಿಕಾದ ಹಗರಣ ನಿಜ. ಸುಮಾರು 2.7 ಲಕ್ಷ ಜನ ಹಾಕಿಕೊಂಡ ಒಂದು ರಸಪ್ರಶ್ನೆ ಆ್ಯಪ್ ಮೂಲಕ, ಅವರ ಗೆಳೆಯರನ್ನೂ ಸೇರಿಸಿ 8.7 ಕೋಟಿ ಜನರವರೆಗಿನ ಮಾಹಿತಿ ಸೋರಿತು. ಅದರಲ್ಲಿ ಭಾರತೀಯರು 5.6 ಲಕ್ಷದಷ್ಟು ಇರಬಹುದು ಎಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. 2019ರಲ್ಲಿ ಅಮೆರಿಕದ ನಿಯಂತ್ರಕರು 500 ಕೋಟಿ ಡಾಲರ್ ದಂಡ ಹಾಕಿದರು. ಇದೆಲ್ಲ ಮಾಹಿತಿ ಕದ್ದದ್ದಕ್ಕೆ ಸಿಕ್ಕ ಪುರಾವೆ. ಆ ಮಾಹಿತಿಯಿಂದ ಜನರ ಮನಸ್ಸು ಬದಲಾಯಿತು ಎಂಬುದಕ್ಕಲ್ಲ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಆ ಕಂಪನಿಯ ಕಂಪ್ಯೂಟರುಗಳನ್ನು ಜಾಲಾಡಿ 2020ರಲ್ಲಿ ಹೇಳಿದ್ದು, ಅವರ ವಿಧಾನಗಳು ಬಹುಪಾಲು ಎಲ್ಲರಿಗೂ ಸಿಗುವ ಸಾಮಾನ್ಯ ತಂತ್ರಗಳು ಎಂದು. 2016ರಲ್ಲಿ ಹಿಲರಿ ಕ್ಲಿಂಟನ್ ಬಳಿಯೂ ಭರ್ಜರಿ ಡೇಟಾ ತಂಡವಿತ್ತು. ಮಿಷಿಗನ್ ರಾಜ್ಯ 10,704 ಮತಗಳಿಂದ ಕೈತಪ್ಪಿತು. ಆ ವರ್ಷ ಅನೇಕ ರಾಜ್ಯಮಟ್ಟದ ಸರ್ವೆಗಳು ಕಾಲೇಜು ಓದದವರ ಪಾಲನ್ನು ಸರಿಯಾಗಿ ತೂಗಿರಲಿಲ್ಲ. ಕೆಳಗಿನ ಸರ್ವೆ ವಾಲಿದರೆ ಮೇಲಿನ ಮಾಡೆಲ್ಲೂ ವಾಲುತ್ತದೆ.

ಈಗ ಮುಖ್ಯ ಮಾತು. ಒಬ್ಬರು ಯಾರ ಪರ ಎಂದು ಊಹಿಸುವುದು ಬೇರೆ, ನಿಮ್ಮ ಮಾತಿನಿಂದ ಅವರು ಬದಲಾಗುತ್ತಾರೆಯೇ ಎಂದು ಊಹಿಸುವುದು ಬೇರೆ. ಮನೆ ಬಾಗಿಲಿಗೆ ಹೋದರೂ ಹೋಗದಿದ್ದರೂ ನಿಮಗೇ ಹಾಕುವವರಿದ್ದಾರೆ. ಏನು ಮಾಡಿದರೂ ಹಾಕದವರಿದ್ದಾರೆ. ಹೋದರೆ ಮಾತ್ರ ಹಾಕುವವರಿದ್ದಾರೆ. ಹೋದದ್ದರಿಂದಲೇ ಕೆರಳಿ ಎದುರಾಳಿಗೆ ಹಾಕಿ ಬರುವವರೂ ಇದ್ದಾರೆ, ಸುಮ್ಮನೆ ಮಲಗಿದ್ದವರನ್ನು ಕಡ್ಡಿಯಾಡಿಸಿ ಎಬ್ಬಿಸಿದ ಹಾಗೆ. ಪ್ರಚಾರಕ್ಕೆ ಬೇಕಾದವರು ಮೂರನೆಯವರು ಮಾತ್ರ. ಅವರಿಗೂ ನಾಲ್ಕನೆಯವರಿಗೂ ವ್ಯತ್ಯಾಸವನ್ನು ಯಾವ ಹಳೆಯ ದಾಖಲೆಯೂ ತೋರಿಸದು. ಒಂದಷ್ಟು ಜನರ ಬಳಿ ಹೋಗಿ, ಅವರಂಥವರೇ ಇನ್ನೊಂದಷ್ಟು ಜನರ ಬಳಿ ಬೇಕೆಂದೇ ಹೋಗದೆ ಉಳಿದು, ಆಮೇಲೆ ಇಬ್ಬರನ್ನೂ ಅಳೆದಾಗ ಮಾತ್ರ ಅದು ಕಾಣುತ್ತದೆ. ‘ನೀವು ಯಾವಾಗ, ಎಲ್ಲಿ ಈ ಪ್ರಯೋಗ ಮಾಡಿದಿರಿ?’ ಎಂದು ಸಂಸ್ಥೆಯನ್ನು ಕೇಳಿ. ಮಾಡಿಲ್ಲವಾದರೆ ಅವರ ಬಳಿ ‘ಮನಸ್ಸು ಬದಲಾಯಿಸಬಹುದಾದವರ’ ಪಟ್ಟಿ ಇರಲು ಸಾಧ್ಯವೇ ಇಲ್ಲ.

ಪ್ರಯೋಗ ಮಾಡಿದವರಿಗೆ ಸಿಕ್ಕಿದ್ದೇನು? ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಎಂಬ ರಾಜ್ಯಶಾಸ್ತ್ರಜ್ಞರು ಅಮೆರಿಕದಲ್ಲಿ ನಡೆದ 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟಿಗೆ ತೂಗಿ 2018ರಲ್ಲಿ ಪ್ರಕಟಿಸಿದರು. ಮುಖ್ಯ ಚುನಾವಣೆಯಲ್ಲಿ ಮನೆ ಭೇಟಿ, ಕರೆ, ಕರಪತ್ರ, ಜಾಹೀರಾತುಗಳಿಂದ ಒಬ್ಬ ಅಭ್ಯರ್ಥಿಯಿಂದ ಇನ್ನೊಬ್ಬನ ಕಡೆಗೆ ಮತ ತಿರುಗುವ ಪ್ರಮಾಣ ಸರಾಸರಿ ಸೊನ್ನೆಯ ಹತ್ತಿರ. ಚುನಾವಣೆಗೆ ಬಹಳ ಮುಂಚೆ ಮಾತಾಡಿಸಿ ಕೂಡಲೇ ಕೇಳಿದರೆ ಪರಿಣಾಮ ಕಾಣುತ್ತದೆ, ಮತದಾನದ ಹೊತ್ತಿಗೆ ಆವಿಯಾಗಿರುತ್ತದೆ. ಪಕ್ಷನಿಷ್ಠೆ ಗಟ್ಟಿಯಾಗಿರುವ ಎರಡೇ ಪಕ್ಷಗಳ ದೇಶದ ಫಲಿತಾಂಶ ಇದು, ಮೂರು ಪಕ್ಷ, ಸ್ಥಳೀಯ ಮುಖಂಡರು, ನೆಂಟಸ್ತನದ ನಿಮ್ಮ ಕ್ಷೇತ್ರಕ್ಕೆ ಹಾಗೇ ಅಂಟಿಸಬಾರದು. ಆದರೆ ‘ಸ್ಕೋರ್ ಇದ್ದರೆ ಮತ ಬರುತ್ತದೆ’ ಎಂಬ ಮಾತಿನ ಹಿಂದೆ ಯಾವ ದೇಶದ ಆಧಾರವಿದೆ ಎಂದು ಕೇಳಲು ಇಷ್ಟು ಸಾಕು.

ಕೆಲಸ ಮಾಡುವುದು ಎಂದು ಗಟ್ಟಿಯಾಗಿ ಗೊತ್ತಿರುವುದು ಮತಗಟ್ಟೆಗೆ ಕರೆತರುವ ಪ್ರಯತ್ನ. ಮಿಷಿಗನ್‌ನಲ್ಲಿ 2006ರಲ್ಲಿ, ನೀವು ಮತ್ತು ನಿಮ್ಮ ಅಕ್ಕಪಕ್ಕದವರು ಹಿಂದೆ ಮತ ಹಾಕಿದ್ದೀರೋ ಇಲ್ಲವೋ ಎಂದು ಪಟ್ಟಿ ಮಾಡಿ ಮನೆಗೆ ಒಂದು ಕಾಗದ ಕಳಿಸಿದ್ದಕ್ಕೆ ಮತದಾನ ಶೇ 29.7ರಿಂದ 37.8ಕ್ಕೆ ಏರಿತು. (ಆ ದಾಖಲೆ ನಮ್ಮಲ್ಲಿ ಸಾರ್ವಜನಿಕವಲ್ಲ. ಇದ್ದಿದ್ದರೂ ಇಂಥ ಕಾಗದ ಕಳಿಸಿದ ಅಭ್ಯರ್ಥಿಗೆ ಊರೊಳಗೆ ಬರಲು ಬಿಡುತ್ತಿದ್ದರೇ ಅನುಮಾನ.) ಅಭಿಪ್ರಾಯ ಬದಲಾದದ್ದಕ್ಕೂ ಒಂದು ಗಟ್ಟಿ ಉದಾಹರಣೆ ಇದೆ. ಮಯಾಮಿಯಲ್ಲಿ ಮನೆಬಾಗಿಲಲ್ಲಿ ಹತ್ತು ನಿಮಿಷ ಕೂತು, ಎದುರಿನವರ ಅನುಭವ ಕೇಳಿಸಿಕೊಂಡು ನಡೆಸಿದ ಮಾತುಕತೆಯ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು ಎಂದು 2016ರಲ್ಲಿ ತೋರಿಸಿದರು. ಅದು ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹದ ವಿಷಯ, ಅಭ್ಯರ್ಥಿಯ ವಿಷಯವಲ್ಲ. ಆದರೂ ಕರಪತ್ರ ತುರುಕಿ ಓಡುವುದಕ್ಕೂ ಕೂತು ಕೇಳುವುದಕ್ಕೂ ಇರುವ ಅಂತರ ಅಲ್ಲಿ ಕಾಣುತ್ತದೆ.

ಇಷ್ಟಾದ ಮೇಲೂ ಚಿಕ್ಕಪ್ಪ ಕೊಳ್ಳೋಣ ಎಂದರೆ, ದುಡ್ಡು ಕೊಡುವ ಮುಂಚೆ ಎರಡು ಪರೀಕ್ಷೆ ಇಡಿ. ಮೊದಲನೆಯದು ಬೂತಿನದು. ‘2018ರವರೆಗಿನ ಬೂತ್ ಡೇಟಾ ಮತ್ತು 2023ರ ಇಡೀ ಕ್ಷೇತ್ರದ ಮೊತ್ತ ಮಾತ್ರ ಬಳಸಿ 2023ರ ಫಲಿತಾಂಶವನ್ನು ಬೂತ್ ಬೂತಿಗೂ ಹೇಳಿ’ ಎನ್ನಿ. ಇತ್ತ ನೀವೇ ಒಂದು ಮೊದ್ದು ಲೆಕ್ಕ ಹಾಕಿ: 2018ರ ಬೂತ್ ಶೇಕಡಾವಾರಿಗೆ ಇಡೀ ಕ್ಷೇತ್ರದಲ್ಲಿ ಆದ ಏರಿಳಿತವನ್ನು ಸಮನಾಗಿ ಕೂಡಿಸಿ. ನಿಮ್ಮ ಮೊದ್ದು ಲೆಕ್ಕ ಸರಾಸರಿ 7 ಶೇಕಡಾ ಅಂಶ ತಪ್ಪಿ ಅವರದು 6.8 ತಪ್ಪಿದರೆ, ಆ 0.2ಕ್ಕೆ 18 ಲಕ್ಷ ಕೊಡಬೇಕೇ ಎಂದು ಚಿಕ್ಕಪ್ಪನನ್ನೇ ಕೇಳಿ. ಒಂದು ಎಚ್ಚರಿಕೆ: ಎರಡು ಚುನಾವಣೆಗಳ ನಡುವೆ ಬೂತ್ ಒಡೆಯುತ್ತದೆ, ಭಾಗ ಸಂಖ್ಯೆ ಬದಲಾಗುತ್ತದೆ. ಸಂಖ್ಯೆ ನೋಡಿ ಜೋಡಿಸಿದರೆ ಪಕ್ಕದ ಹಳ್ಳಿಯ ಮತ ಇಲ್ಲಿಗೆ ಬರುತ್ತದೆ. ಶಾಲೆಯ ಹೆಸರು, ಬೀದಿಗಳ ಪಟ್ಟಿ ಹಿಡಿದು ಕೈಯಾರೆ ಜೋಡಿಸಬೇಕು, ಇಬ್ಬರು ಹುಡುಗರಿಗೆ ನಾಲ್ಕೈದು ದಿನದ ಕೆಲಸ. ಎರಡನೆಯ ಪರೀಕ್ಷೆ ಆ 27,000ದ್ದು. ಅದರಿಂದ ಚೀಟಿ ಎತ್ತಿದಂತೆ 400 ಹೆಸರು, ಪಟ್ಟಿಯ ಹೊರಗಿನಿಂದ 400 ಹೆಸರು ಆರಿಸಿ, ಸಂಸ್ಥೆಗೆ ತಿಳಿಸದೆ ಬೇರೆಯವರಿಂದ ಸರ್ವೆ ಮಾಡಿಸಿ. ಪಕ್ಷದ ಶಾಲು ಹಾಕಿದವರು ಕೇಳಬಾರದು. ಚಿಹ್ನೆಗಳಿರುವ ನಕಲಿ ಮತಪತ್ರ ಕೊಟ್ಟು ಡಬ್ಬಿಗೆ ಹಾಕಿಸಿದರೆ ಉತ್ತರ ಸ್ವಲ್ಪ ಪ್ರಾಮಾಣಿಕವಾಗಿ ಬರುತ್ತದೆ. ಇನ್ನೂ ನಿರ್ಧರಿಸಿಲ್ಲ ಎನ್ನುವವರ ಪಾಲು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇದ್ದರೆ ಪಟ್ಟಿ ಗಾಳಿಯಲ್ಲಿ ಬರೆದದ್ದು. ಈ ಗಾತ್ರದ ಸರ್ವೆಯಲ್ಲಿ 7 ಅಂಶಕ್ಕಿಂತ ಕಡಿಮೆ ಅಂತರಕ್ಕೆ ಅರ್ಥ ಹಚ್ಚಬೇಡಿ.

ಕೊಳ್ಳದೆ ತಾವೇ ಮಾಡುವ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಮೂರು ಚುನಾವಣೆಗಳ ಫಾರಂ 20 ಜೋಡಿಸಿ, ಯಾವ ಬೂತಿನ ಮತ ಸಲದಿಂದ ಸಲಕ್ಕೆ ಹೆಚ್ಚು ಅತ್ತಿತ್ತ ಆಗುತ್ತದೆ, ಎಲ್ಲಿ ಮತದಾನವೇ ಕಡಿಮೆ ಎಂದು ವಿಂಗಡಿಸಿ. ವ್ಯಕ್ತಿಯ ಸ್ಕೋರ್ ಬೇಕಿಲ್ಲ, ಬೂತಿನ ಬಣ್ಣ ಸಾಕು. ಆಮೇಲೆ ಒಂದೇ ಥರದ ಬೂತುಗಳನ್ನು ಎರಡೆರಡಾಗಿ ಜೋಡಿ ಮಾಡಿ ನಾಣ್ಯ ಚಿಮ್ಮಿ. ಒಂದು ಬೂತಿನಲ್ಲಿ ನೀರಾವರಿ, ಕೊಬ್ಬರಿ ಬೆಲೆಯ ಮಾತು. ಜೋಡಿಯ ಇನ್ನೊಂದರಲ್ಲಿ ಆಸ್ಪತ್ರೆ, ಬಸ್ಸಿನ ಮಾತು. ಯಾವ ಬೂತನ್ನೂ ಕೈಬಿಟ್ಟಂತಾಗುವುದಿಲ್ಲ, ಚಿಕ್ಕಪ್ಪ ಜಗಳ ತೆಗೆಯುವುದಿಲ್ಲ. ಯಾವ ಮಾತು ನಾಟಿತು ಎಂಬುದನ್ನು ಫಲಿತಾಂಶದ ನಂತರ ಫಾರಂ 20ರಿಂದಲೇ ಅಳೆಯಬಹುದು, ಯಾರನ್ನೂ ಕೇಳದೆ. ಬೂತುಗಳ ಏರಿಳಿತದ ಹರವು (ಪ್ರಮಾಣಿತ ವಿಚಲನೆ) 8 ಅಂಶದಷ್ಟಿದ್ದರೆ, 120 ಬೂತಿಗೆ 120 ಬೂತು ಇಟ್ಟು ಹೋಲಿಸಿದಾಗ ಸುಮಾರು 3 ಅಂಶದ ವ್ಯತ್ಯಾಸ ಕಾಣುತ್ತದೆ. ಅದಕ್ಕಿಂತ ಚಿಕ್ಕದು ಗದ್ದಲದಲ್ಲಿ ಮುಳುಗುತ್ತದೆ.

ಈ ಚುನಾವಣೆಗೇ ಉತ್ತರ ಬೇಕೆಂದರೆ ಆರು ತಿಂಗಳ ಮುಂಚೆ ಸರ್ವೆಯಿಂದ ಅಳೆಯಬೇಕು, ಖರ್ಚು ಅಲ್ಲಿ ಏರುತ್ತದೆ. 5 ಅಂಶದ ಪರಿಣಾಮ ಹಿಡಿಯಲು ಗುಂಪಿಗೆ 1,600 ಜನ ಬೇಕು. ಒಂದೇ ಬೂತಿನವರ ಅಭಿಪ್ರಾಯ ಪರಸ್ಪರ ಹೋಲುವುದರಿಂದ, ಬೂತುಗಳಿಗೆ ನಾಣ್ಯ ಚಿಮ್ಮಿ ಪ್ರತಿ ಬೂತಿನಲ್ಲಿ 40 ಜನರನ್ನು ಕೇಳಿದರೆ ಆ ಸಂಖ್ಯೆ ಮೂರು ಪಟ್ಟಾದರೂ ಆಶ್ಚರ್ಯವಿಲ್ಲ. ಕೆಡುವುದು ಮಾತ್ರ ಗಣಿತದಿಂದಲ್ಲ. ಆಸ್ಪತ್ರೆಯ ಮಾತಾಡಬೇಕಾದ ಬೂತಿಗೆ ಕಾರ್ಯಕರ್ತ ಹೋಗಿ ಕೊಬ್ಬರಿಯ ಮಾತಾಡಿ ಬರುತ್ತಾನೆ, ‘ನಮ್ಮ ಅತ್ತೆ ಮನೆ ಅಲ್ಲೇ ಸಾರ್’ ಎಂದು. ಇನ್ನೊಬ್ಬ ಮರದಡಿ ಕೂತೇ ನಲವತ್ತು ಫಾರಂ ತುಂಬುತ್ತಾನೆ. ಹತ್ತರಲ್ಲಿ ಒಂದು ಮನೆಗೆ ಬೇರೊಬ್ಬರನ್ನು ಮರುದಿನವೇ ಕಳಿಸಿ ತಾಳೆ ನೋಡದಿದ್ದರೆ ಇಡೀ ಪ್ರಯೋಗ ದಂಡ.

ಮನೆ ಭೇಟಿಯ ಲೆಕ್ಕ ಹೀಗೆ: ಗಟ್ಟಿಯಲ್ಲದ ಬೂತುಗಳ 27,000 ಮತದಾರರು ಎಂದರೆ ಸುಮಾರು 8,000 ಮನೆ. ಮನೆಗೆ ಹತ್ತು ನಿಮಿಷ ಕೊಡುವ ಒಂದು ಜೋಡಿ ಸಂಜೆಗೆ 12 ಮನೆ ಮುಗಿಸಬಹುದು. 40 ಜೋಡಿ ಇದ್ದರೆ 17 ಸಂಜೆ. ಪೇಜ್ ಪ್ರಮುಖರ ಜಾಲ ನಿಮ್ಮ ಪಕ್ಷದಲ್ಲಿದ್ದರೆ, ಪಟ್ಟಿಯ ಒಂದು ಪುಟದ ಮೂವತ್ತರಷ್ಟು ಹೆಸರು ಒಬ್ಬರ ಪಾಲಿಗೆ ಬರುವುದರಿಂದ ಇನ್ನೂ ಬೇಗ.

ಇನ್ನು ಕಾನೂನು ಮತ್ತು ಹಣ. ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. 18 ಲಕ್ಷ ಅಂದರೆ ಅದರ ಶೇ 45. ಲೆಕ್ಕ ಹಿಡಿಯುವುದು ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ; ‘ಮುಂಚೆಯೇ ಕೊಂಡದ್ದು’ ಎಂಬ ಸಮಜಾಯಿಷಿ, ಆ ಅವಧಿಯಲ್ಲಿ ಬಳಸಿದ ಸರಕಿಗೆ ನಿಲ್ಲುತ್ತದೆಂದು ನೆಚ್ಚಿಕೊಳ್ಳಬೇಡಿ. ಮಿತಿ ಮೀರುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯಡಿ ಭ್ರಷ್ಟ ನಡೆ, ಆಯ್ಕೆಯೇ ಅಸಿಂಧುವಾಗಬಹುದು. ಜಾತಿಯ ಕಾಲಂ ಹಿಡಿದು ‘ನಮ್ಮವರಿಗೆ ಹಾಕಿ’ ಎಂಬ ಸಂದೇಶ ಕಳಿಸಿದರೆ ಅದೇ ಕಾಯ್ದೆಯ 123(3) ಎದುರಾಗುತ್ತದೆ. ಅಭ್ಯರ್ಥಿಯ ಜಾತಿ ಮಾತ್ರವಲ್ಲ, ಮತದಾರನ ಜಾತಿಯ ಹೆಸರಲ್ಲಿ ಕೇಳುವುದೂ ಅದರೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಬಹುಮತದಿಂದ ಹೇಳಿದೆ. ಬಲ್ಕ್ ಎಸ್‌ಎಂಎಸ್, ಧ್ವನಿ ಸಂದೇಶಗಳಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ಮತದಾನ ಮುಗಿಯುವ ಮುಂಚಿನ 48 ಗಂಟೆ ಇಂಥ ಸಂದೇಶಗಳೆಲ್ಲ ನಿಲ್ಲಬೇಕು.

ಫೋನ್ ನಂಬರ್ ಇದಕ್ಕಿಂತ ದೊಡ್ಡ ತಲೆನೋವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಗಡುವು. ಕಾನೂನಿನ ಪ್ರಕಾರವೇ ಪ್ರಕಟವಾಗುವ ಮಾಹಿತಿಗೆ ಅದರಲ್ಲಿ ವಿನಾಯಿತಿ ಇದೆ, ಮತದಾರರ ಪಟ್ಟಿಯ ಹೆಸರು ಆ ನೆರಳಿನಲ್ಲಿ ಬರಬಹುದು. ಯಾವುದೋ ಸಾಲದ ಆ್ಯಪ್‌ನಿಂದಲೋ ಅಂಗಡಿಯ ಬಿಲ್ಲಿನಿಂದಲೋ ಬಂದ ನಂಬರ್ ಬರುವುದಿಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹದ ಪ್ರಕರಣ ಬಯಲಾದಾಗ ಪೊಲೀಸ್ ಕೇಸು, ಬಂಧನ, ಅಧಿಕಾರಿಗಳ ಅಮಾನತು, ಮೂರು ಕ್ಷೇತ್ರಗಳ ಪಟ್ಟಿಯ ಮರುಪರಿಶೀಲನೆ ಎಲ್ಲವೂ ಆದವು. ಹೊಸ ಕಾಯ್ದೆ ಬರುವ ಮುಂಚಿನ ಮಾತದು.

ಸೋರಿಕೆಯ ಅಪಾಯವನ್ನು ಹಳ್ಳಿಯ ಕಣ್ಣಿನಿಂದ ನೋಡಿ. ಫಾರಂ 20 ನೋಡಿಯೇ ‘ಆ ಊರವರು ನಮಗೆ ಹಾಕಿಲ್ಲ, ಬೋರ್‌ವೆಲ್ ಕೊಡಬೇಡ’ ಎನ್ನುವವರಿದ್ದಾರೆ. ಅದಕ್ಕೇ ಹಲವು ಬೂತುಗಳ ಮತ ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು, ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು; ಇನ್ನೂ ಬಂದಿಲ್ಲ. ಈಗ ಊರಿನ ಬದಲು ಹೆಸರು, ಜಾತಿ, ಫೋನು, ‘ಎದುರು ಪಕ್ಷ 83’ ಎಂಬ ಸ್ಕೋರು ಒಂದೇ ಶೀಟಿನಲ್ಲಿ ವಾಟ್ಸ್ಆ್ಯಪ್ ಗ್ರೂಪಿಗೆ ಬಿದ್ದರೆ? ಊಹೆ ಸುಳ್ಳಾಗಿದ್ದರೂ ಪೆಟ್ಟು ಬೀಳುವುದು ನಿಜವಾದ ಮನುಷ್ಯರಿಗೆ. ಆ ಶೀಟು ನಿಮ್ಮ ಪ್ರಚಾರ ಕಚೇರಿಯಿಂದ ಹೋಯಿತು ಎಂದಾದರೆ ಆ 6,800ರ ಅಂತರ ಇನ್ನೂ ಹಿಗ್ಗುತ್ತದೆ.

ಜಯನಗರದ 16 ಮತದ ಮಾತು ನಿಜ. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಒಂದೇ ಮತದಿಂದ ಗೆದ್ದದ್ದೂ ನಿಜ. ಅಷ್ಟು ಕಡಿಮೆ ಅಂತರವನ್ನು ಒಂದು ಮಳೆ, ಕೆಟ್ಟುನಿಂತ ಒಂದು ಆಟೋ ಕೂಡ ತಿರುಗಿಸಬಲ್ಲದು. ಆ ಒಂದು ಮತ ಯಾರದು ಎಂದು ಮೊದಲೇ ಹೇಳಬಲ್ಲ ಮಾಡೆಲ್ ಮಾತ್ರ ಇಲ್ಲ, ಎದುರಾಳಿ ಕೊಂಡರೆ ಅವನಿಗೂ ಸಿಗುವುದು ಇದೇ 51.

ಸದ್ಯಕ್ಕೆ ನಾಳೆಯೇ ಮಾಡಬೇಕಾದ ಕೆಲಸ ಒಂದು: ನಿಮ್ಮ ತಾಯಿಯ ಮೊಬೈಲ್ ನಂಬರ್ ಎಲ್ಲಿಂದ, ಯಾರ ಒಪ್ಪಿಗೆಯಿಂದ ಬಂತು ಎಂದು ಸಂಸ್ಥೆಗೆ ಇಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ಕೇಳಿ. ಅವರು ಕೊಟ್ಟ ಮಾದರಿ ಶೀಟು ನಿಮ್ಮ ಫೋನಿನಲ್ಲಿದ್ದರೆ ಯಾರಿಗೂ ದಾಟಿಸದೆ ಅಳಿಸಿಬಿಡಿ. ಚಿಕ್ಕಪ್ಪನ ಫೋನಿನಲ್ಲೂ ಒಮ್ಮೆ ನೋಡಿ.